ಬಾದಾಮಿಗೆ ತರಿಸಿದ ಸಮುದ್ರ

ನನ್ನ ಅಕ್ಕ ಮೊದಲ ಸಲ ಸಮುದ್ರ ನೋಡಿದ್ದು ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಮೂರೇ ದಿನ. ಬಾದಾಮಿಯ ಅವಳ ಮಹಿಳಾ ಸಂಘದವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಗೋಕರ್ಣ, ಮುರ್ಡೇಶ್ವರ ಸುತ್ತಿ ಬಂದರು. ಉಳಿದ ಹೆಂಗಸರು ಪ್ರಸಾದ, ಗೋಡಂಬಿ, ಕೋಕಂ ಸಿಪ್ಪೆ ತಂದರು. ಅಕ್ಕ ಒಂದು ವಿಚಾರ ತಂದಳು. ಕೋಕಂ ಸಿಪ್ಪೆಯಾಗಿದ್ದರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತಿತ್ತು. ಅವಳ ವಿಚಾರ ಎರಡು ವರ್ಷ ನಮ್ಮೆಲ್ಲರ ತಲೆ ತಿಂದಿತು.

ಅವರು ಇಳಿದುಕೊಂಡಿದ್ದ ವಸತಿಗೃಹದ ಕೋಣೆಗಳೆಲ್ಲ ಬಿಳಿಯಂತೆ. ಬಿಳಿ ಗೋಡೆ, ಬಿಳಿ ಪರದೆ, ನೀಲಿ ಗೆರೆಯ ದಿಂಬು, ಬೆತ್ತದ ಕುರ್ಚಿ, ಸುತ್ತ ಹಗ್ಗ ಸುತ್ತಿದ ಕನ್ನಡಿ. ಅಲ್ಲಿ ಕೂತರೆ ಮನಸ್ಸು ತಾನಾಗಿಯೇ ಸಡಿಲವಾಗುತ್ತದೆ ಎಂದಳು. ಸಮುದ್ರಕ್ಕಿಂತ ಆ ಕೋಣೆಯ ಫೋಟೋಗಳೇ ಅವಳ ಫೋನಿನಲ್ಲಿ ಹೆಚ್ಚಿದ್ದವು. ಅವನ್ನೆಲ್ಲ ನನಗೆ ಕಳಿಸಿ, ನಮ್ಮ ಮನೆಯ ಪಡಸಾಲೆಯನ್ನೂ ಮುಂದಿನ ಎರಡು ಕೋಣೆಗಳನ್ನೂ ಹೀಗೇ ಮಾಡಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ ಎಂದು ಫೋನ್ ಮಾಡಿದಳು. ಮೂರು ದಿನದಲ್ಲಿ ಅವಳ ಮನಸ್ಸು ಎಷ್ಟು ಸಡಿಲವಾಗಿತ್ತೆಂದರೆ ಬುದ್ಧಿಯೂ ಜೊತೆಗೇ ಕಳಚಿ ಬಿದ್ದಿತ್ತು.

ಆ ಮನೆ ಎಂಥದ್ದು ಎಂದು ಹೇಳಬೇಕು. ಅಕ್ಕನ ಮಾವನವರು ಕಲ್ಲು ಕೆಲಸದವರು. ಗುಡ್ಡದ ಕೆಂಪುಕಲ್ಲನ್ನು ಒಂದೊಂದಾಗಿ ಕಡೆದು, ಕೂಡಿಸಿ, ಮೇಲೆ ಗಿಲಾವು ಮಾಡದೆ ಹಾಗೆಯೇ ಬಿಟ್ಟು ತಮ್ಮ ಕೈಯಾರೆ ಕಟ್ಟಿದ ಮನೆ ಅದು. ಪ್ರತಿ ಕಲ್ಲಿನ ಮೇಲೂ ಉಳಿ ಏಟಿನ ಗೆರೆಗಳು ಬಾಚಿದ ಕೂದಲಿನ ಹಾಗೆ ಓರೆಯಾಗಿ ಕಾಣುತ್ತಿದ್ದವು. ಮುಂಜಾನೆ ಒಂದು ಕೆಂಪು, ಇಳಿಹೊತ್ತಿನಲ್ಲಿ ಇನ್ನೊಂದು ಕೆಂಪು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದು ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ನೀರು ಕೇಳುವುದು ಮರೆತುಹೋಗುತ್ತಿತ್ತು.

ಅಕ್ಕನ ಗಂಡ ಗೈಡ್. ಹಗಲೆಲ್ಲ ಗುಹೆಗಳ ಮುಂದೆ ನಿಂತು ಈ ಊರಿನ ಕೆಂಪುಕಲ್ಲಿನಂಥ ಕಲ್ಲು ಬೇರೆಲ್ಲೂ ಇಲ್ಲ ಎಂದು ಮೂರು ಭಾಷೆಗಳಲ್ಲಿ ಹೇಳುತ್ತಿದ್ದರು. ಸಂಜೆ ಮನೆಗೆ ಬಂದರೆ ಒಂದು ಭಾಷೆಯೂ ಬರುತ್ತಿರಲಿಲ್ಲ. ಅಕ್ಕ ಏನು ಹೇಳಿದರೂ ಅವರದು ಒಂದೇ ಉತ್ತರ, ನಿನಗೆ ಹೇಗೆ ಬೇಕೋ ಹಾಗೆ ಮಾಡು. ಇದನ್ನು ಜನ ಒಳ್ಳೆಯ ಗಂಡನ ಲಕ್ಷಣ ಎನ್ನುತ್ತಾರೆ. ನಾನು ಸೋಮಾರಿತನ ಎನ್ನುತ್ತೇನೆ.

ಹುಬ್ಬಳ್ಳಿಯಿಂದ ಒಬ್ಬ ಇಂಟೀರಿಯರ್ ಡಿಸೈನರ್ ಬಂದ. ಅವನು ಬಂದ ದಿನ ನಾನೂ ಇದ್ದೆ. ಕಾರಿನಿಂದ ಇಳಿದವನು ಕಪ್ಪು ಕನ್ನಡಕ ತೆಗೆಯದೆ ಗೋಡೆಗಳನ್ನು ನೋಡಿ, ಭಾಳ ಕತ್ತಲೆ ಇದೆ ಮೇಡಂ ಎಂದ. ಕನ್ನಡಕ ತೆಗೆದಿದ್ದರೆ ಅರ್ಧ ಕತ್ತಲೆ ಅಲ್ಲೇ ಹೋಗುತ್ತಿತ್ತು. ಈ ಶೈಲಿಗೆ ರಿಲ್ಯಾಕ್ಸ್ಡ್ ಕೋಸ್ಟಲ್ ಎನ್ನುತ್ತಾರೆ, ಇದರಲ್ಲಿ ಯಾವುದೂ ಜೋಡಿಸಿಟ್ಟಂತೆ ಕಾಣಬಾರದು, ತೆರೆ ತಂದು ಎಸೆದು ಹೋದ ಹಾಗೆ ಇರಬೇಕು ಎಂದು ವಿವರಿಸಿದ. ಹಾಗೆ ತಾನಾಗಿ ಬಂದು ಬಿದ್ದಂತೆ ಕಾಣುವುದಕ್ಕೆ ಏನೇನು ಕೊಳ್ಳಬೇಕೆಂದು ನಾಲ್ಕು ಪುಟದ ಪಟ್ಟಿ ಕೊಟ್ಟ. ನೀವು ಕರಾವಳಿಯವರೇನು ಎಂದು ಕೇಳಿದೆ. ಅಲ್ಲ, ಹೊಸ ವರ್ಷಕ್ಕೆ ಗೋವಾಕ್ಕೆ ಹೋಗುತ್ತೇನೆ ಎಂದ.

ಬಣ್ಣ ಹಚ್ಚಲು ಬಂದವರು ಊರಿನವರೇ ಆದ ಒಬ್ಬ ವಯಸ್ಸಾದ ಪೇಂಟರ್. ಡಬ್ಬಿ ಕೆಳಗಿಟ್ಟು ಗೋಡೆಯ ಮೇಲೆ ಅಂಗೈ ಆಡಿಸಿದರು.

"ಅಕ್ಕಾರ, ಇದು ಕಲ್ಲು. ಗಿಲಾವ್ ಅಲ್ಲ" ಎಂದರು. "ಒಮ್ಮೆ ಬಣ್ಣ ಕುಡೀತಂದ್ರ ತಿರುಗಿ ಉಗುಳಂಗಿಲ್ಲ ನೋಡ್ರಿ."

ಅಕ್ಕ ತನ್ನ ಫೋನಿನಲ್ಲಿದ್ದ ಬಿಳಿ ಕೋಣೆಯ ಫೋಟೋ ತೋರಿಸಿದಳು. ಅವರು ಅದನ್ನು ನೋಡಿ, ಚೆನ್ನಾಗಿದೆ, ಆದರೆ ಅದು ಇಟ್ಟಿಗೆಯ ಮನೆ ಎಂದರು. ಆಮೇಲೆ ಅಕ್ಕನ ಗಂಡನ ಕಡೆ ತಿರುಗಿ, ನಿಮ್ಮ ತಂದೆ ಈ ಕಲ್ಲು ಕಡೆಯುತ್ತಿದ್ದಾಗ ನಾನು ನೋಡಿದ್ದೇನೆ, ನೀವೊಂದು ಮಾತು ಹೇಳಿ ಎಂದು ಕೇಳಿದರು. ಇವರು ತಮ್ಮ ಬೂಟು ನೋಡಿಕೊಂಡರು. ಅಕೀನ್ನ ಕೇಳ್ರಿ ಎಂದು ಹೇಳಿ ಗುಹೆಗಳ ಕಡೆ ಹೊರಟುಹೋದರು.

ಮೊದಲ ಕೈ ಹಚ್ಚಿದಾಗ ಗೋಡೆ ಬೆಳ್ಳಗಾಗಲಿಲ್ಲ, ಸುಟ್ಟ ಗಾಯದ ಹಾಗೆ ನಸುಗೆಂಪಾಯಿತು. ಎರಡನೆಯ ಕೈಗೂ ಕಲ್ಲು ಒಪ್ಪಲಿಲ್ಲ. ಮೂರನೆಯದಕ್ಕೆ ಸುಮ್ಮನಾಯಿತು. ನಾನು ಪಡಸಾಲೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇದೆಲ್ಲ ನೋಡುತ್ತಿದ್ದೆ. ಇಳಕಲ್ಲಿನಲ್ಲಿ ನನ್ನದು ಹೊಲಿಗೆ ಅಂಗಡಿ. ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು, ರವಿಕೆ, ಪರದೆ ಎಲ್ಲ ಮಾಡುತ್ತೇನೆ. ಅಕ್ಕನ ಸಮುದ್ರಕ್ಕೆ ಬೇಕಾದ ಅಷ್ಟೂ ಪರದೆ, ಅಷ್ಟೂ ದಿಂಬಿನ ಚೀಲ ಹೊಲಿಯುವ ಕೆಲಸ ನನಗೇ ಬಂದಿತ್ತು. ಹಾಗಾಗಿ ನಾನೂ ಬಾಯಿ ತೆರೆಯಲಿಲ್ಲ. ಈಗ ಅಕ್ಕನ ಗಂಡನನ್ನು ಅನ್ನುವಾಗ ಇದನ್ನೂ ಹೇಳಿಬಿಡುವುದು ನ್ಯಾಯ.

ದಿಂಬುಗಳ ಮೇಲೆ ನೀಲಿ ದಾರದಲ್ಲಿ ಲಂಗರಿನ ಕಸೂತಿ ಬೇಕಾಗಿತ್ತು. ಲಂಗರನ್ನು ನಾನು ಕಣ್ಣಿನಿಂದ ಕಂಡವಳಲ್ಲ. ಡಿಸೈನರ್ ಕಳಿಸಿದ ಚಿತ್ರ ನೋಡಿ ಇಳಕಲ್ಲಿನ ಅಂಗಡಿಯಲ್ಲಿ ಕೂತು ಹಾಕುತ್ತಿದ್ದೆ. ಕುಚ್ಚು ಕಟ್ಟಿಸಲು ಬಂದ ಒಬ್ಬ ಅಜ್ಜಿ ಬಗ್ಗಿ ನೋಡಿ, "ಯವ್ವಾ, ದಿಂಬಿನ ಮ್ಯಾಲ ಪಾತಾಳಗರಡಿ ಯಾಕ ತಗದಿ?" ಎಂದು ಕೇಳಿದಳು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಅದು, ಹಿಂದೆ ಓಣಿಗೊಂದು ಇರುತ್ತಿತ್ತು. ಅದಲ್ಲ, ಇದು ಹಡಗು ನಿಲ್ಲಿಸುವ ಲಂಗರು ಎಂದು ತಿಳಿಸಿ ಹೇಳಿದೆ. ಯಾರ ಹಡಗು ಎಂದಳು. ನಾನು ಸೂಜಿಗೆ ಮತ್ತೆ ನೀಲಿ ದಾರ ಪೋಣಿಸಿದೆ. ಅಂಥವು ಇನ್ನೂ ಏಳು ದಿಂಬು ಬಾಕಿ ಇದ್ದವು.

ಪಟ್ಟಿಯಲ್ಲಿ ಮೀನಿನ ಬಲೆಯೂ ಇತ್ತು. ಹೊಸದಾದರೆ ನಾಟಕದ ಸಾಮಾನಿನ ಹಾಗೆ ಕಾಣುತ್ತದೆ, ಬಳಸಿ ಹಳೆಯದಾದದ್ದೇ ಬೇಕು ಎಂದು ಡಿಸೈನರ್ ಬರೆದಿದ್ದ. ಆ ವಾರ ನಾನು ಬಟ್ಟೆ ತರಲು ಬಾಗಲಕೋಟೆಗೆ ಹೋಗಿದ್ದೆ. ಹಿನ್ನೀರಿನ ದಂಡೆಯಲ್ಲಿ ಮೀನು ಹಿಡಿಯುವವರು ಇದ್ದಾರೆ, ಅಲ್ಲಿ ಕೇಳಿ ತಾ ಎಂದು ಅಕ್ಕನ ಫೋನ್ ಬಂತು. ಜನ್ಮದಲ್ಲಿ ಮೀನು ಮುಟ್ಟದ ನಾನು ಸೀರೆ ಎತ್ತಿ ಹಿಡಿದು ಕೆಸರಿನಲ್ಲಿ ನಡೆದು ಹೋದೆ. ಗುಡಿಸಲಿನ ಮುಂದೆ ಒಬ್ಬ ಹೆಂಗಸು ಬಲೆಯ ಹರಕು ಕೂಡಿಸುತ್ತ ಕೂತಿದ್ದಳು. ಕೆಲಸಕ್ಕೆ ಬಾರದ ಬಲೆ ಇದ್ದರೆ ಕೊಡಿ ಎಂದೆ. ಹೀರೆ ಬಳ್ಳಿ ಹಬ್ಬಿಸುವುದಕ್ಕೋ ಕೋಳಿ ಗೂಡಿಗೋ ಎಂದು ಕೇಳಿದಳು. ಎರಡೂ ಅಲ್ಲ, ಮನೆಯಲ್ಲಿ ಚಂದ ಕಾಣಲಿ ಎಂದು ತೂಗುಹಾಕುತ್ತಾರೆ ಎಂದಾಗ ಅವಳ ಕೈ ನಿಂತಿತು.

"ನಮ್ಮ ಗುಡಸಲ ತುಂಬ ಬಲೀನ ಅದಾವ್ರಿ" ಎಂದಳು. "ಯಾರೂ ಬಂದು ಚಂದ ಐತಿ ಅಂದಿಲ್ಲ."

ಅವಳು ನಗಲಿಲ್ಲ. ಒಳಗಿನಿಂದ ಒಂದು ಹಳೆಯ ಬಲೆ ತಂದು ನೀರಿನಲ್ಲಿ ಎರಡು ಸಲ ಅದ್ದಿ, ಹಿಂಡಿ ಕೊಟ್ಟಳು. ಬಾದಾಮಿಯ ಬಸ್ಸಿನಲ್ಲಿ ನನ್ನ ಪಕ್ಕ ಕೊನೆಯವರೆಗೂ ಯಾರೂ ಕೂರಲಿಲ್ಲ. ಅಕ್ಕ ಅದನ್ನು ಎರಡು ದಿನ ಫಿನಾಯಿಲಿನಲ್ಲಿ ನೆನೆಹಾಕಿದಳು. ಆಮೇಲೆ ಅದು ಮೀನಿನ ವಾಸನೆಯ ಜೊತೆಗೆ ದವಾಖಾನೆಯ ವಾಸನೆಯನ್ನೂ ಹೊಡೆಯತೊಡಗಿತು. ಮಾಳಿಗೆಯ ಅಂಚಿನಿಂದ ಪಡಸಾಲೆಯ ಕಂಬದವರೆಗೆ ಅದನ್ನು ಇಳಿಬಿಟ್ಟು, ನಡುನಡುವೆ ಕಟ್ಟಿಗೆಯ ನಕ್ಷತ್ರಮೀನು ಸಿಕ್ಕಿಸಿದರು.

ಮನೆ ತಯಾರಾಯಿತು. ಬಾಗಿಲ ಎರಡೂ ಬದಿಗೆ ದೋಣಿಯ ಹುಟ್ಟುಗಳು, ಒಳಗೆ ಸೆಣಬಿನ ಚಾಪೆ, ಮೇಜಿನ ಮೇಲೆ ಗೇಣುದ್ದದ ದೀಪಸ್ತಂಭ. ಒಂದು ಅಗಲವಾದ ಕಟ್ಟಿಗೆಯ ತಟ್ಟೆಯಲ್ಲಿ ಮರಳು ತುಂಬಿ ಕಪ್ಪೆಚಿಪ್ಪು ಹರಡಿ ಪಡಸಾಲೆಯಲ್ಲಿ ಇಟ್ಟಿದ್ದರು. ಓಣಿಯ ಬೆಕ್ಕುಗಳು ಅದರ ಉಪಯೋಗವನ್ನು ಮೊದಲ ದಿನವೇ ಕಂಡುಕೊಂಡವು. ಇಡೀ ಅಲಂಕಾರದಲ್ಲಿ ಯಾರಿಗಾದರೂ ಖರೆ ಅನುಕೂಲವಾದದ್ದು ಅದೊಂದೇ. ಗಾಳಿ ಶುರುವಾದ ಮೇಲೆ ಬಿಳಿ ಪರದೆಗಳ ಮೇಲೆ ಕೆಂಪು ಧೂಳು ಕೂತು, ಅಕ್ಕ ವಾರಕ್ಕೆರಡು ಸಲ ಒಗೆಯತೊಡಗಿದಳು. ಮನಸ್ಸು ಸಡಿಲ ಮಾಡುವ ಮನೆಯಲ್ಲಿ ಅವಳು ಒಂದು ಗಳಿಗೆ ಕೂತದ್ದನ್ನು ನಾನು ನೋಡಲಿಲ್ಲ.

ಧೂಳಿಗಿಂತ ದೊಡ್ಡ ಕಾಟ ಮಂಗಗಳದು. ಬಾದಾಮಿಯಲ್ಲಿ ಮಂಗಗಳಿರುವುದು ಡಿಸೈನರನಿಗೆ ತಿಳಿಯದಿದ್ದರೆ ಹೋಗಲಿ, ಹುಟ್ಟಿದಾಗಿನಿಂದ ಅಲ್ಲಿರುವ ಅಕ್ಕನ ಗಂಡನಿಗಾದರೂ ಹೊಳೆಯಬೇಕಿತ್ತು. ಮೊದಲು ಅವು ಮಾಳಿಗೆಯ ಮೇಲೆ ಓಡಾಡಿ ಮುಂದೆ ಹೋಗುತ್ತಿದ್ದವು. ಬಲೆ ಕಟ್ಟಿದ ಮೇಲೆ ಮಾಳಿಗೆಯಿಂದ ಪಡಸಾಲೆಗೆ ಇಳಿಯಲು ಒಳ್ಳೆಯ ನಿಚ್ಚಣಿಕೆ ಸಿಕ್ಕ ಹಾಗಾಯಿತು. ಇಳಿದವು ಪರದೆ ಹರಿದವು, ದಿಂಬಿನ ಹತ್ತಿ ಕಿತ್ತವು. ನಾನು ಹದಿನೈದು ದಿನಕ್ಕೊಮ್ಮೆ ಹುನಗುಂದ, ಅಮೀನಗಡ ದಾಟಿ ಬಸ್ಸಿನಲ್ಲಿ ಹೋಗಿ ಹರಿದದ್ದನ್ನು ಮತ್ತೆ ಹೊಲಿದು ಬರಬೇಕಾಯಿತು. ಬಲೆ ತೆಗೆಸು ಎಂದು ನಾನು ಹೇಳಿದರೆ, ಬಂದವರೆಲ್ಲ ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎನ್ನುತ್ತಿದ್ದಳು.

ಹಾಗೆ ಹೊಲಿಯಲು ಹೋಗಿದ್ದ ಒಂದು ಶನಿವಾರ ಸಂಜೆ ಕುಂದಾಪುರದ ಕಡೆಯ ಗಂಡ ಹೆಂಡತಿ ಬಂದಿಳಿದರು. ಇಬ್ಬರೂ ನಿವೃತ್ತರಾದ ಶಿಕ್ಷಕರು. ಕರಾವಳಿಯವರು ಎಂದು ತಿಳಿದಾಗಿನಿಂದ ಅಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಇದರ ಬೆಲೆ ತಿಳಿಯುವ ಜನ ಕೊನೆಗೂ ಬಂದರು ಎಂದು ನನ್ನೆದುರು ಹೇಳಿದ್ದಳು. ಆ ಶಿಕ್ಷಕಿ ಬಾಗಿಲಲ್ಲೇ ನಿಂತು ಹುಟ್ಟು, ಬಲೆ, ಕಪ್ಪೆಚಿಪ್ಪು ಎಲ್ಲವನ್ನೂ ನಿಧಾನವಾಗಿ ನೋಡಿದರು. ಅಕ್ಕ ಹೊಗಳಿಕೆಗಾಗಿ ಕಾಯುತ್ತಿದ್ದಳು.

"ನಿಮ್ಮ ಹಿರಿಯರು ಕಡಲಿಗೆ ಹೋಗ್ತಿದ್ದವರಾ?" ಎಂದು ಅವರು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಇಲ್ಲ, ನಮ್ಮ ಮಾವನವರು ಕಲ್ಲು ಕಡೆಯುತ್ತಿದ್ದರು ಎಂದಳು ಅಕ್ಕ.

"ಹಾಗಾದ್ರೆ ಇದೆಲ್ಲ ಎಂತಕ್ಕೆ?"

ಅಕ್ಕ ಮನಸ್ಸು ಸಡಿಲವಾಗುವ ವಿಷಯ ಹೇಳಿದಳು. ಅವರು ಸೌಜನ್ಯದಿಂದ ಪೂರ್ತಿ ಕೇಳಿದರು. ತಮ್ಮ ಊರಿನಲ್ಲಿ ಬಿಳಿ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿಯುತ್ತದೆ, ತಮ್ಮ ಮನೆಯ ನೆಲ ಕೆಂಪು, ಹೆಂಚು ಕೆಂಪು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಇಲ್ಲಿ ಕಲ್ಲಿನ ಮನೆಯಲ್ಲಿ ಉಳಿಯಬಹುದು ಎಂದು ಯಾರೋ ಹೇಳಿದ್ದಕ್ಕೆ ಬಂದೆವು ಎಂದರು. ಇದು ಕಲ್ಲಿನದೇ, ಬಣ್ಣದ ಒಳಗೆ ಇದೆ ಎಂದು ಅಕ್ಕ ಹೇಳುವಷ್ಟರಲ್ಲಿ ನನಗೆ ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡೆ. ಅವರ ಯಜಮಾನರು ಮಾತ್ರ ಬಲೆಯ ಕಣ್ಣುಗಳನ್ನು ಬೆರಳಿನಲ್ಲಿ ಅಳೆದು ನೋಡುತ್ತಿದ್ದರು. ಇದು ಹೊಳೆಯ ಬಲೆ, ಕಡಲಿನದಲ್ಲ ಎಂದು ನಾನು ಚಹಾ ಕೊಡುವಾಗ ತಿಳಿಸಿದರು. ಅವರ ತಂದೆ ಮೀನು ಹಿಡಿಯುತ್ತಿದ್ದವರಂತೆ. ಇವರು ಹುಡುಗನಾಗಿದ್ದಾಗ ಶಾಲೆಗೆ ಹೋಗುವ ಮೊದಲು ಬಲೆ ಎಳೆದೇ ಹೋಗುತ್ತಿದ್ದರಂತೆ.

ಮರುದಿನ ಮುಂಜಾನೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಮಂಗಗಳು ಕಿರುಚತೊಡಗಿದವು. ಆ ಕಿರುಚಾಟ ದಿನದ್ದಾಗಿರಲಿಲ್ಲ. ಓಡಿ ಬಂದು ನೋಡಿದರೆ ಒಂದು ಮರಿ ಬಲೆಯಲ್ಲಿ ಸಿಕ್ಕಿಕೊಂಡಿತ್ತು. ತಲೆ ಮತ್ತು ಒಂದು ಕೈ ಒಂದೇ ಕಣ್ಣಿನೊಳಗೆ ತೂರಿ, ಬಿಡಿಸಿಕೊಳ್ಳಲು ಹೊರಳಿದಷ್ಟೂ ದಾರ ಕುತ್ತಿಗೆಗೆ ಸುತ್ತಿಕೊಂಡು, ಆಳೆತ್ತರಕ್ಕೂ ಮೇಲೆ ನೇತಾಡುತ್ತಿತ್ತು. ತಾಯಿ ಮಾಳಿಗೆಯ ಅಂಚಿನಲ್ಲಿ ಹಲ್ಲು ಕಿರಿದು ನಿಂತಿತ್ತು. ಸುತ್ತಲಿನ ಗೋಡೆಗಳ ಮೇಲೆಲ್ಲ ಹಿಂಡು. ಅಕ್ಕ ಬಾಗಿಲು ಹಾಕಿಕೊಳ್ಳಿ ಎಂದು ಕೂಗಿ ತಾನು ಒಳಗೆ ಸೇರಿದಳು. ಮರಿಯ ಧ್ವನಿ ಸಣ್ಣದಾಗುತ್ತ ಬಂತು.

ಅಕ್ಕನ ಗಂಡ ಹಿತ್ತಲಿನಿಂದ ಬಂದರು. ತೋಳಿಗೆ ಗೋಣಿಚೀಲ ಸುತ್ತಿಕೊಂಡಿದ್ದರು. "ತಂಗೀ, ಕತ್ತರಿ ಕೊಡು" ಎಂದರು. ನನ್ನ ದೊಡ್ಡ ಕತ್ತರಿಯನ್ನು ನಾನು ಯಾರಿಗೂ ಮುಟ್ಟಗೊಡುವವಳಲ್ಲ. ಕೊಟ್ಟೆ. ಅವರು ಬೆತ್ತದ ಕುರ್ಚಿ ಎಳೆದು ಹತ್ತಿದರು. ನೋಡುವುದಕ್ಕೆಂದೇ ಇಟ್ಟ ಕುರ್ಚಿ ಅದು, ಒಂದು ಕಾಲು ಇಡುತ್ತಲೇ ನಡುವೆ ಹರಿದು ತೊಡೆಯವರೆಗೆ ಒಳಗಿಳಿಯಿತು. ಕಾಲು ಕಿತ್ತುಕೊಂಡು ಪಡಸಾಲೆಯ ಕಟ್ಟೆ ಹತ್ತಿ, ಮರಿಯ ಮೈಗೆ ಗೋಣಿಚೀಲ ಹೊದಿಸಿ, ಕುತ್ತಿಗೆಯ ಹತ್ತಿರ ಕತ್ತರಿ ಒಯ್ದರು.

ಅಷ್ಟರಲ್ಲಿ ಕುಂದಾಪುರದ ಮೇಷ್ಟ್ರು ಹೆಂಡತಿ ಬೇಡವೆಂದರೂ ಚಿಲಕ ತೆಗೆದು ಹೊರಗೆ ಬಂದರು.

"ಅಲ್ಲಿ ಕೊಯ್ಯಬೇಡಿ, ಇನ್ನೂ ಬಿಗೀತದೆ" ಎಂದರು. "ಮೇಲೆ ದಪ್ಪ ಹಗ್ಗ ಉಂಟಲ್ಲ, ಮೊದಲು ಅದನ್ನು ಬಿಡಿಸಿ. ಬಲೆ ಸಡಿಲ ಆಗಲಿ."

ಮೇಲಿನ ಹಗ್ಗ ಕೊಯ್ದ ಕೂಡಲೇ ಇಡೀ ಬಲೆ, ನಕ್ಷತ್ರಮೀನುಗಳ ಸಮೇತ, ಇಬ್ಬರ ಮೇಲೂ ಕುಸಿಯಿತು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಮುದುಡಿ ಹಿಡಿದು ಮರಿಯನ್ನು ನೆಲಕ್ಕೆ ಇಳಿಸಿದರು. ಕುತ್ತಿಗೆಯ ದಾರದ ಕೆಳಗೆ ತಮ್ಮ ಎರಡು ಬೆರಳು ತೂರಿಸಿ, ಈಗ ಕೊಯ್ಯಿರಿ ಎಂದರು. ಆಗ ತಾಯಿ ಹಾರಿತು. ಅಕ್ಕನ ಗಂಡನ ಹೆಗಲ ಮೇಲೆಯೇ ಬಂದು ಬಿದ್ದು ಕಿವಿಯಿಂದ ಬೆನ್ನಿನವರೆಗೆ ಪರಚಿತು. ಅವರು ಅಲುಗಾಡಲಿಲ್ಲ. ಒಂದು ದಾರ ಕೊಯ್ದರು, ಇನ್ನೊಂದು ಕೊಯ್ದರು, ಮೂರನೆಯದಕ್ಕೆ ಮರಿ ಬಿಡುಗಡೆಯಾಯಿತು. ಸ್ವಲ್ಪ ಹೊತ್ತು ಅದು ಗೋಣಿಚೀಲದ ಮೇಲೆ ಬಾಯಿ ತೆರೆದು ಬಿದ್ದಿತ್ತು. ತಾಯಿ ಬಂದು ಹೊಟ್ಟೆಗೆ ಅವುಚಿಕೊಂಡು ಮಾಳಿಗೆಯ ನೀರಿನ ಕೊಳವೆ ಹಿಡಿದು ಮೇಲೆ ಹೋಯಿತು. ಹಿಂಡು ಹೋದ ಮೇಲೆ ಒಗ್ಗರಣೆ ಹೊತ್ತಿದ ವಾಸನೆ ಬಂತು.

ಆ ಮುಂಜಾನೆ ಅಕ್ಕನ ಗಂಡನ ಬೆನ್ನಿನ ರಕ್ತವನ್ನು ನಾನೇ ಒರೆಸಿದೆ. ಈ ಮನುಷ್ಯನನ್ನು ಇಷ್ಟು ದಿನ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆದರೂ ನನ್ನ ತಿರಸ್ಕಾರ ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಮಂಗನ ಮುಂದೆ ತೋರಿಸಿದ ಧೈರ್ಯದಲ್ಲಿ ಕಾಲುಭಾಗವನ್ನು ಹೆಂಡತಿಯ ಮುಂದೆ ತೋರಿಸಿದ್ದರೆ ಗೋಡೆಯಾದರೂ ಉಳಿಯುತ್ತಿತ್ತು.

ಚುಚ್ಚುಮದ್ದು ಹಾಕಿಸಲು ಮೇಷ್ಟ್ರೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದರು. ತಿರುಗಿ ಬಂದ ಅಕ್ಕನ ಗಂಡ ಅಂಗಿ ಕೂಡ ಹಾಕಿಕೊಳ್ಳದೆ ಅಕ್ಕನ ಮುಂದೆ ನಿಂತರು.

"ಬಲಿ ಹೊರಗ ಹಾಕ್ತೇನಿ" ಎಂದರು. "ಗ್ವಾಡಿನೂ ತಿಕ್ಕತೇನಿ. ನೀ ನಡು ಬರಬ್ಯಾಡ."

ಮದುವೆಯಾದಾಗಿನಿಂದ ಅವರು ಅಕ್ಕನಿಗೆ ಹೇಳಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು. ಅವಳು ಉಪ್ಪಿಟ್ಟಿನ ಪಾತ್ರೆ ತಿಕ್ಕುತ್ತ ಕೂತಳು.

ಮರುವಾರದಿಂದ ಅವರು ದಿನಾ ಗುಹೆಗಳಿಗೆ ಹೋಗುವ ಮೊದಲು ಒಂದು ತಾಸು ತಂತಿ ಬ್ರಷ್ ಹಿಡಿದು ಗೋಡೆ ತಿಕ್ಕತೊಡಗಿದರು. ಪೇಂಟರ್ ಬಂದು ಯಾವ ಎಣ್ಣೆ ಹಚ್ಚಿ ನೆನೆಸಬೇಕೆಂದು ತೋರಿಸಿಕೊಟ್ಟರು, ನಾನು ಹೇಳಿರಲಿಲ್ಲವೇ ಎಂದು ಒಮ್ಮೆಯೂ ಅನ್ನಲಿಲ್ಲ. ನಾನಾಗಿದ್ದರೆ ಬಂದಾಗಲೆಲ್ಲ ಅನ್ನುತ್ತಿದ್ದೆ. ಕಲ್ಲಿನ ಮೇಲ್ಮೈ ಕೆಂಪಗಾಯಿತು. ಉಳಿ ಏಟಿನ ಗೆರೆಗಳೊಳಗೆ ಮಾತ್ರ ಬಿಳಿ ಕೂತೇ ಬಿಟ್ಟಿತು. ಈಗ ಗೋಡೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಒಂದು ಕೋಣೆ ಮುಗಿದಿದೆ, ಪಡಸಾಲೆ ಅರ್ಧವಾಗಿದೆ.

ಕಳೆದ ತಿಂಗಳು ನಾನು ಹೋದಾಗ ರಾಯಚೂರಿನ ಒಂದು ಕುಟುಂಬ ಬಂದಿತ್ತು. ಅವರಿಗೆ ಆ ಬಿಳಿ ಗೆರೆಯ ಗೋಡೆ ತುಂಬ ಹಿಡಿಸಿ, ಇದು ಯಾವ ಡಿಸೈನ್ ಎಂದು ಕೇಳಿದರು. ಅಕ್ಕ ಕಣ್ಣು ಮಿಟುಕಿಸದೆ, ಮುದ್ದಾಂ, ಬೇಕಂತಲೇ ಹಾಗೆ ಮಾಡಿಸಿದ್ದು, ಈಗಿನ ಸ್ಟೈಲ್ ಎಂದಳು. ಬ್ರಷ್ ಹಿಡಿದು ನಿಂತಿದ್ದ ಅವಳ ಗಂಡ ತಿರುಗಿ ನೋಡಿದರು.

"ಸ್ಟೈಲ್ ಅಲ್ರಿ, ತಪ್ಪು" ಎಂದರು. "ನಮ್ಮಪ್ಪ ಕಡದ ಕಲ್ಲಿದು. ನಾವು ಬಣ್ಣ ಹಚ್ಚಿ ಕೆಡಿಸೇವಿ."

ಬಂದವರು ಕಲ್ಲಿನ ವಿಷಯ ಇನ್ನಷ್ಟು ಕೇಳಿದರು. ಗುಹೆಗಳ ಮುಂದೆ ಹೇಳುವ ಹಾಗೆ ಅವರು ತಮ್ಮ ಮನೆಯ ಮುಂದೆ ನಿಂತು ಹೇಳತೊಡಗಿದರು. ಯಾವ ಗುಡ್ಡದ ಕಲ್ಲು, ಯಾವ ಕಲ್ಲು ಒಡೆಯುವಾಗ ತಂದೆಯ ಹೆಬ್ಬೆರಳು ಜಜ್ಜಿತು ಎಲ್ಲ ಹೇಳಿದರು. ಅಕ್ಕ ಒಳಗೆ ಹೋಗಿ ಹೊರಗೆ ಬರಲೇ ಇಲ್ಲ.

ನಾಲ್ಕು ದಿನ ಬಿಟ್ಟು ನನಗೆ ಫೋನ್ ಮಾಡಿದಳು. ಗಂಡ ಮಂದಿಯ ಮುಂದೆ ತನ್ನ ಮರ್ಯಾದೆ ತೆಗೆದರು ಎಂದು ಬಹಳ ಹೊತ್ತು ಅತ್ತಳು. ನಾನು ಕೇಳಿಸಿಕೊಂಡೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಆ ರಾಯಚೂರಿನವರು ಒಂದು ದಿನಕ್ಕೆಂದು ಬಂದು ಮೂರು ದಿನ ಉಳಿದರು, ಅವರಿಗೆ ಕಲ್ಲಿನ ಕಥೆ ಅಷ್ಟು ಸೇರಿತು ಎಂದಳು. ಅದೇ ಉಸಿರಿನಲ್ಲಿ, "ನಾ ಮೊದಲಿಂದ ಅದನ್ನ ಹೇಳಾಕತ್ತೇನಿ, ಈ ಮನಿಗೆ ಕಲ್ಲ ಚಂದ ಅಂತ" ಎಂದಳು. ನಾನು ಫೋನ್ ಕಿವಿಯಿಂದ ತೆಗೆದು ಒಮ್ಮೆ ಅದರ ಕಡೆ ನೋಡಿದೆ. ಆಮೇಲೆ ಹೌದೌದು ಎಂದು ಹೇಳಿ ಕೆಳಗಿಟ್ಟೆ.